ಬಸಣ್ಣನ ಮೀಸೆಗೆ ಎರಡು ಪೆನ್ಸಿಲ್

ಗೆಳೆಯರೇ, ನಂಬರು ಒಂದೇ ಆದರೂ ಎರಡು ಕಂಪನಿಯ ಪೆನ್ಸಿಲ್ ಒಂದೇ ಕಪ್ಪು ಕೊಡುವುದಿಲ್ಲ. ಇವತ್ತು ಅದರಿಂದಲೇ ಒಂದು ಕೆಲಸವಾಯಿತು.

ಹೋದ ವಾರ ತೀರಿಕೊಂಡ ನಮ್ಮ ವೆಲ್ಡರ್ ಬಸಣ್ಣನ ಚಿತ್ರ ಬಿಡಿಸಿ, ಬೆಳಿಗ್ಗೆ ಇಲ್ಲಿ ಗಲ್ಫಿನ ಅರ್ದಿಯಾದಲ್ಲಿರುವ ಅವನ ರೂಮಿಗೆ ಒಯ್ದಿದ್ದೆ. ಅವನ ಸಾಮಾನಿನ ಜೊತೆ ಗದಗಕ್ಕೆ, ಹೆಂಡತಿಗೆ ಹೋಗಬೇಕಾದ ಚಿತ್ರ. ವರ್ಕ್‌ಶಾಪಿನಲ್ಲಿ ದಿನಾ ಕಂಡ ಮುಖವನ್ನೇ ಬಿಡಿಸಿದ್ದೆ, ನರೆತ ಮೀಸೆಯ ಸಮೇತ.

ಆ ರೂಮಿನಲ್ಲಿ ಬಸಣ್ಣನ ಜೊತೆಗಿದ್ದ ಮಲ್ಲಪ್ಪ ನೋಡಿದವನೇ ಅಂದ, "ಮೀಸಿ ಕರ್ರಗ ಮಾಡ್ರಿ ಸರ."

"ಬೆಳ್ಳಗೇ ಇತ್ತಲ್ಲ ಮಾರಾಯ್ರೇ! ನಾನು ಸುಳ್ಳು ಬಿಡಿಸುವುದಿಲ್ಲ."

"ನೀವು ನೋಡೀರಿ, ಅವನ ಹೇಣ್ತಿ ನೋಡಿಲ್ರಿ. ಶುಕ್ರವಾರಕ್ಕೊಮ್ಮೆ ಮೀಸಿಗೆ ಕಾಡಿಗಿ ಹಚ್ಕೊಂಡು ವಿಡಿಯೊ ಕಾಲ್ ಮಾಡ್ತಿದ್ದ, ಆಮ್ಯಾಲೆ ತೊಳ್ಕೊತಿದ್ದ. ಬೆಳ್ಳಗಾಗಿದ್ದು ಕಂಡ್ರ 'ಸಾಕು, ಬಂದ್‌ಬಿಡ್ರಿ' ಅಂತಾಳ ಅಂತಿದ್ದ."

ಜರ್ಮನಿಯ 6ಬಿ ಪೆನ್ಸಿಲ್ ತೆಗೆದು ಮೀಸೆಯ ಮೇಲೆ ಒತ್ತಿ ತೀಡಿದೆ. ಟ್ಯೂಬ್‌ಲೈಟಿನ ಬೆಳಕಿಗೆ ಅದು ಬೆಳ್ಳಿಯ ಹಾಗೆ ಮಿಂಚಿ, ಮೀಸೆ ಮತ್ತೆ ನರೆತೇ ಕಂಡಿತು. ಆಮೇಲೆ ಜಪಾನಿನ 6ಬಿ ತೀಡಿದೆ. ಅದೇ ನಂಬರು, ಆದರೆ ಹೊಳಪಿಲ್ಲದ ಕಡುಗಪ್ಪು.

"ಹ್ಞಾಂ, ಈಗ ಶುಕ್ರವಾರದ ಬಸಣ್ಣ ಆದ ನೋಡ್ರಿ," ಎಂದು ಮಲ್ಲಪ್ಪ ಮುಖ ಆ ಕಡೆ ತಿರುಗಿಸಿದ.

ಇವತ್ತೂ ಶುಕ್ರವಾರವೇ. ಈ ವಾರ ಬಸಣ್ಣನಿಗೆ ಕಾಡಿಗೆ ಹಚ್ಚಿದ್ದು ನಾನು. ಇನ್ನು ತೊಳೆದುಕೊಳ್ಳುವ ಕೆಲಸ ಅವನಿಗಿಲ್ಲ.