ಖುಷಿಗೆ ತುಳಿದ ಸೈಕಲ್

ಅಪ್ಪನ ಹಳೇ ಸೈಕಲ್ಲಿಗೆ ಫ್ರೇಮ್ ಒಂದು ಬಿಟ್ಟು ಎಲ್ಲಾ ಹೊಸದು ಹಾಕಿಸಿದ್ದೆ. ದಿನಾ ಆಫೀಸಿಗೆ ಅದೇ. ಒಂದು ಭಾನುವಾರ ಬೆನ್ನಿಗೆ ಬ್ಯಾಗು ಹಾಕಿಕೊಂಡು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೊರಟೆ. ಏರು ಹತ್ತಿ ಸುಧಾರಿಸಿಕೊಳ್ಳುತ್ತಿದ್ದಾಗ, ಎದುರಿಂದ ಬಂದ ಟೊಮೆಟೊ ಟೆಂಪೊ ನಿಂತಿತು.

"ಪಂಕ್ಚರಾಯ್ತಾ ಸಾಮಿ?" ಅಂದ ಡ್ರೈವರ್.

"ಇಲ್ಲಣ್ಣ, ಸುಮ್ನೆ ಖುಷಿಗೆ ಹೋಗ್ತಿದೀನಿ."

ನನ್ನ ಬೆವರನ್ನೂ ಬ್ಯಾಗನ್ನೂ ನೋಡಿದ. "ಈ ಬಿಸಿಲಲ್ಲಿ ಖುಷಿಗೆ ಯಾರು ಸೈಕಲ್ ತುಳೀತಾರೆ? ಮನೇಲಿ ಜಗಳ ಆಡ್ಕೊಂಡು ಬಂದಿದೀರ. ಹತ್ತಿ ಗಾಡಿ."

ನಾನು ಬೇಡ ಅನ್ನುವಷ್ಟರಲ್ಲಿ ಸೈಕಲ್ಲು ಖಾಲಿ ಕ್ರೇಟುಗಳ ಮೇಲೆ ಮಲಗಿತ್ತು. ಸಂಸಾರದಲ್ಲಿ ಹೇಗೆ ತಗ್ಗಿ ನಡೀಬೇಕು ಅಂತ ದಾರಿಯುದ್ದಕ್ಕೂ ಬುದ್ಧಿ ಹೇಳಿದ. ನಮ್ಮ ಮನೆ ಬಾಗಿಲಲ್ಲೇ ಇಳಿಸಿ, ನನ್ನ ಹೆಂಡತಿಗೆ ಹೇಳಿದ: "ಏನೂ ಅನ್ಬೇಡಮ್ಮ, ಮೊದ್ಲು ಊಟ ಹಾಕು. ಪಾಪ, ಮನೆ ಬಿಟ್ಟು ಹೊರಟಿದ್ರು."

ಟೆಂಪೊ ಮರೆಯಾಗುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ಜಗಳ ಶುರುವಾಗಿದ್ದು ಆಮೇಲೆ.