ಹುಳುವಿನ ಜ್ವರಕ್ಕೆ ಎರಡು ಅಂಕ

ಕೇಳಿ ಸ್ನೇಹಿತರೇ, ನಮ್ಮ ಹೈಸ್ಕೂಲಿನಲ್ಲಿ ಈ ಸಲ ಎಸ್ಸೆಸ್ಸೆಲ್ಸಿ ಮಕ್ಕಳ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹೆಸರಿನ ಮೇಲೆ ಕಾಗದ ಅಂಟಿಸಿಯೇ ತಿದ್ದುತ್ತಿದ್ದೇವೆ. ಇವತ್ತು ಶಾಲಾ ಸಮಿತಿಯ ಯಜಮಾನರು ಬಂದು ವಿಜ್ಞಾನದ ಒಂದು ಪತ್ರಿಕೆ ಎತ್ತಿಕೊಂಡರು. ರೇಷ್ಮೆಹುಳು ಪೊರೆ ಕಳಚುವುದು ಹೇಗೆ ಎಂಬ ಪ್ರಶ್ನೆಗೆ "ಸೊಪ್ಪು ಬಿಟ್ಟು ಜ್ವರಕ್ಕೆ ಕೂರುತ್ತದೆ" ಎಂಬ ಉತ್ತರವಿತ್ತು. ಮೈಸೂರಿನವನಾದ ನಾನು, ಹುಳುವಿಗೂ ಜ್ವರವೇ ಎಂದು ನಕ್ಕು ಸೊನ್ನೆ ಸುತ್ತಿದ್ದೆ.

"ಏನ್ ಮೇಷ್ಟ್ರೇ, ನಮ್ ಶಿಡ್ಲಘಟ್ಟದ ಕಡೆ ಅದನ್ನ ಜ್ವರ ಅಂತಾನೇ ಅನ್ನೋದು. ಇದು ನಮ್ ಮನೆ ಹುಡುಗಂದೇ. ಹಾಕಿ ಮಾರ್ಕು!"

ಮಾತು ನ್ಯಾಯವಾಗಿತ್ತು. ಸೊನ್ನೆ ಹೊಡೆದುಹಾಕಿ ಎರಡು ಅಂಕ ಕೊಟ್ಟೆ. ಯಜಮಾನರು ಖುಷಿಯಿಂದ ತಾವೇ ಕಾಗದ ಕಿತ್ತರು. ಹೆಸರು ಲಕ್ಷ್ಮಿಯದು, ಅವರದೇ ತೋಟದಲ್ಲಿ ಸೊಪ್ಪು ಕೊಯ್ಯುವ ಮುನಿಯಮ್ಮನ ಮಗಳದು.

"ತೆಗೀರಿ ಮಾರ್ಕು! ಹುಳಕ್ಕೆಲ್ಲಿ ಬರ್ತದ್ರೀ ಜ್ವರ?"

"ತೆಗೆಯಲ್ಲ ಯಜಮಾನ್ರೇ. ನೀವು ಹೇಳಿದ್ದೇ ಸರಿ."

"ನಿಮ್ಮನ್ನ ವರ್ಗ ಮಾಡಿಸ್ದೆ ಬಿಡಲ್ಲ!"

ಮಾಡಿಸಲಿ. ಹೋಗುವ ಮುಂಚೆ ತಿದ್ದಿಟ್ಟ ಪತ್ರಿಕೆಗಳನ್ನೆಲ್ಲ ಮತ್ತೆ ತೆಗೆದು, ಜ್ವರ ಎಂದು ಬರೆದವರಿಗೆಲ್ಲ ಎರಡೆರಡು ಅಂಕ ಹಾಕಿಯೇ ಹೋಗುತ್ತೇನೆ. ಯಜಮಾನರ ಮಾತಿಗೆ ಅಷ್ಟಾದರೂ ಬೆಲೆ ಬೇಡವೇ?