ಬ್ಯಾಂಡೇಜಿನ ಒಳಗೆ ಇದ್ದದ್ದು

1981ರ ಏಪ್ರಿಲ್‌ನಲ್ಲಿ, ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪರೀಕ್ಷೆಯ ದಿನ, ರಾಯಚೂರು ನಗರದ ಒಂದು ಕೇಂದ್ರದಲ್ಲಿ ಸಂಚಾರಿ ತನಿಖಾ ದಳವು ವಿದ್ಯಾರ್ಥಿನಿಯೊಬ್ಬಳ ಎಡಗಾಲಿನ ಬ್ಯಾಂಡೇಜು ಬಿಚ್ಚಿಸಿ ನೋಡಿತು. ಒಳಗೆ ನಕಲು ಚೀಟಿ ಇರಲಿಲ್ಲ.

ಆಗ ನಾನು ಕನ್ನಡ ದಿನಪತ್ರಿಕೆಯೊಂದರ ರಾಯಚೂರು ಜಿಲ್ಲಾ ವರದಿಗಾರ. ಬೇಸಿಗೆಯಲ್ಲಿ ನಮಗೆ ಸಿಗುತ್ತಿದ್ದ ಸುದ್ದಿ ಎರಡೇ: ನೀರು ಮತ್ತು ಪರೀಕ್ಷೆಯ ನಕಲು. ತನಿಖಾ ದಳದ ಜೀಪಿನ ಹಿಂದಿನ ಸೀಟಿನಲ್ಲಿ ನನಗೂ ಜಾಗವಿರುತ್ತಿತ್ತು. ದಳದ ಮುಖ್ಯಸ್ಥರು ಮೈಸೂರು ಕಡೆಯ ಉಪನ್ಯಾಸಕರು, ನಿಯೋಜನೆಯ ಮೇಲೆ ಬಂದವರು. ಚಹಾ ಕೂಡ ಕೇಂದ್ರದವರ ಕೈಯಿಂದ ಕುಡಿಯುತ್ತಿರಲಿಲ್ಲ. ಹಿಂದಿನ ಪರೀಕ್ಷೆಯ ದಿನ ಮಾನ್ವಿ ಕಡೆಯ ಒಂದು ಕೇಂದ್ರದಲ್ಲಿ ಅವರು ಒಬ್ಬ ಹುಡುಗನ ಕೈಗೆ ಕಟ್ಟಿದ್ದ ಬ್ಯಾಂಡೇಜಿನಿಂದ ಭೌತಶಾಸ್ತ್ರದ ಚೀಟಿಗಳನ್ನು ಹೊರತೆಗೆದಿದ್ದರು. ಆ ಸುದ್ದಿ ನಾನೇ ಬರೆದದ್ದು. ಅದಿದ್ದ ಪತ್ರಿಕೆ ಈ ದಿನ ಬೆಳಿಗ್ಗೆ ಅವರ ಕಂಕುಳಲ್ಲಿತ್ತು.

ಪರೀಕ್ಷಾ ಕೇಂದ್ರ ನಿಜಾಮರ ಕಾಲದ ಕಲ್ಲು ಕಟ್ಟಡ. ಅಂಗಳದಲ್ಲಿ ಒಂದು ಹೌಜು, ಕಲ್ಲಿನ ನೀರುತೊಟ್ಟಿ. ಕುಡಿಯುವ ನೀರನ್ನು ಅದರಿಂದಲೇ ಹೂಜಿಗಳಿಗೆ ತುಂಬಿ ಕೋಣೆ ಕೋಣೆಗೆ ಒಯ್ಯುತ್ತಿದ್ದರು. ನಾವು ಮೂರನೆಯ ಕೋಣೆಗೆ ಹೋದಾಗ ಕಿಟಕಿ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗಿ ಎಡಗಾಲನ್ನು ನಡುದಾರಿಗೆ ಚಾಚಿ ಕೂತು ಬರೆಯುತ್ತಿದ್ದಳು. ಪಾದದ ಗಂಟಿನ ಸುತ್ತ ಮುಷ್ಟಿ ಗಾತ್ರದ ಕಟ್ಟು. ಅವಳನ್ನು ಇಲ್ಲಿ ಮಾಳಮ್ಮ ಎಂದು ಕರೆಯುತ್ತೇನೆ. ಅದು ಅವಳ ನಿಜವಾದ ಹೆಸರಲ್ಲ. ದೇವದುರ್ಗ ತಾಲ್ಲೂಕಿನಲ್ಲಿ ಗಬ್ಬೂರಿನಿಂದ ಆಚೆ ಒಂದು ಸಣ್ಣ ಊರಿನ ಕುರಿ ಸಾಕುವ ಮನೆತನದವಳು. ರಾಯಚೂರಿನ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದಳು.

"ಏನಮ್ಮ ಇದು?" ಎಂದರು ಮುಖ್ಯಸ್ಥರು.

"ಹುಣ್ಣು ರೀ ಸರ್."

"ಮಾನ್ವಿಯವನೂ ಹಾಗೇ ಅಂದ. ಬಿಚ್ಚು."

ಅವಳು ಪೆನ್ನು ಕೆಳಗಿಟ್ಟಳು. "ಬಿಚ್ಚತೀನ್ರಿ. ನೀವು ಮಾತ್ರ ಕೈ ಹಚ್ಚಬ್ಯಾಡ್ರಿ."

ಕೈ ಹಚ್ಚಬೇಡಿ ಎನ್ನುವವರನ್ನು ಅವರು ಬಹಳ ಕಂಡಿದ್ದರು. ಸಹಾಯಕನಿಗೆ ಕಣ್ಣಿನಲ್ಲೇ ಸೂಚನೆ ಕೊಟ್ಟರು. ಅವನು ಬಗ್ಗಿ ಬಟ್ಟೆಯ ತುದಿ ಹಿಡಿದ. ಹೂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಖಾಜಾಸಾಬ್ ಒಳಗೆ ಬಂದ.

"ಸಾಹೇಬ್ರ, ಜರಾ ತಡೀರಿ. ಅದು ನಾರುಹುಳ. ಎಳದ್ರ ಹರೀತದ. ಹರದ್ರ ಕಾಲು ಖರಾಬ್ ಆಗ್ತದ."

ಸಹಾಯಕ ಕೈ ಬಿಟ್ಟ.

ಈಗಿನ ಓದುಗರಿಗೆ ನಾರುಹುಳ ಗೊತ್ತಿರಲಿಕ್ಕಿಲ್ಲ. ಆ ಕಾಲದಲ್ಲಿ ನಮ್ಮ ಜಿಲ್ಲೆಯ ಮೆಟ್ಟಿಲು ಬಾವಿಗಳ ಊರುಗಳಲ್ಲಿ ಅದು ಸಾಮಾನ್ಯ. ಬಾವಿಯ ನೀರಿನಲ್ಲಿರುವ ಪುಟ್ಟ ನೀರುಚಿಗಟಗಳೊಳಗೆ ಅಡಗಿ, ಕಣ್ಣಿಗೆ ಕಾಣದಂತೆ ಹೊಟ್ಟೆ ಸೇರುವ ಮರಿಹುಳ ಒಳಗೇ ಬೆಳೆದು, ಸುಮಾರು ಒಂದು ವರ್ಷದ ನಂತರ ಕಾಲಿನಲ್ಲಿ ಉರಿಯುವ ಬೊಬ್ಬೆ ಎಬ್ಬಿಸಿ ದಾರದಂತೆ ಹೊರಬರುತ್ತದೆ. ಅದಕ್ಕೆ ಔಷಧವಿರಲಿಲ್ಲ. ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದಿಷ್ಟೇ ಎಳೆದು, ಮತ್ತೆ ಕಟ್ಟಬೇಕು. ಅವಸರ ಮಾಡಿದರೆ ಹುಳ ತುಂಡಾಗುತ್ತದೆ. ಒಳಗುಳಿದ ತುಂಡಿನಿಂದ ಕಾಲು ಬಾತು ಕೀವಾಗುತ್ತದೆ.

ಮಾಳಮ್ಮನಿಗೆ ಇನ್ನೂ ಎರಡು ಪರೀಕ್ಷೆ ಬಾಕಿ ಇದ್ದವು, ಜೀವಶಾಸ್ತ್ರವೂ ಸೇರಿ. ಆಗ ವೈದ್ಯಕೀಯ ಸೀಟು ಪಿಯುಸಿ ಅಂಕಗಳ ಮೇಲೆಯೇ ನಿಂತಿತ್ತು. ಹುಳ ಹರಿದರೆ ಉಳಿದ ಪರೀಕ್ಷೆಗಳಿಗೆ ಅವಳು ಬರುವಂತಿರಲಿಲ್ಲ. ಬಿಚ್ಚಲು ಒಪ್ಪದಿದ್ದರೆ ನಕಲು ಪ್ರಕರಣ ದಾಖಲಾಗಿ ಬರೆದದ್ದೂ ರದ್ದಾಗುತ್ತಿತ್ತು.

ಖಾಜಾಸಾಬನ ಮಾತು ಕೇಳಿ ಮುಖ್ಯಸ್ಥರು ಒಂದು ಹೆಜ್ಜೆ ಹಿಂದೆ ಸರಿದರು. "ಹಾಗಾದರೆ ಬಿಡು, ಬರಿ."

"ಹಂಗ ಬಿಟ್ಟು ಹೋಗಬ್ಯಾಡ್ರಿ ಸರ್," ಎಂದಳು ಮಾಳಮ್ಮ. "ನೀವು ಹ್ವಾದ ಮ್ಯಾಲ ಚೀಟಿ ಇತ್ತು, ಕನಿಕರಕ್ಕ ಬಿಟ್ರು ಅಂತಾರ. ನೋಡೇ ಹೋಗ್ರಿ." ಆಮೇಲೆ ನನ್ನ ಕಡೆ ತಿರುಗಿದಳು. "ಇವರು ಪೇಪರಿನವರಲ್ಲೇನ್ರಿ? ಇವರೂ ನೋಡ್ಲಿ."

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಫೋಟೋ ಸಮೇತ ಹಾಕ್ರಿ ಸರ್," ಎಂದ.

ಅವಳು ತಿರುಗದೆಯೇ ಹೇಳಿದಳು: "ನೀ ಮೊದಲು ಪೇಪರ್ ಬರಿಯಲೇ. ಆಮ್ಯಾಲ ಫೋಟೋಕ್ಕ ನಿಂದ್ರುವಂತಿ."

ಕೋಣೆ ನಕ್ಕಿತು. ಮೇಲ್ವಿಚಾರಕರು ಮೇಜು ಬಡಿದರು.

ಅವಳು ಖಾಜಾಸಾಬನಿಂದ ಒಂದು ಮಗ್ಗು ನೀರು ತರಿಸಿಕೊಂಡಳು. ಒಣಗಿ ಅಂಟಿದ್ದ ಬಟ್ಟೆಯನ್ನು ನೆನೆಸಿ, ಪಾದದ ಕೆಳಗೆ ಮಗ್ಗು ಹಿಡಿದು, ಒಂದೊಂದೇ ಸುತ್ತು ಬಿಚ್ಚಿದಳು. ಸಹಾಯಕ ಗೋಡೆ ನೋಡುತ್ತ ನಿಂತ. ಕೊನೆಯ ಪದರದ ಕೆಳಗೆ ಒಂದು ಬೆಂಕಿಕಡ್ಡಿ, ಅದಕ್ಕೆ ಸುತ್ತಿದ ಬಿಳಿ ಎಳೆ. ಎಳೆಯ ಇನ್ನೊಂದು ತುದಿ ಹುಣ್ಣಿನ ಒಳಗೆ ಹೋಗಿತ್ತು. ಮುಖ್ಯಸ್ಥರು ಬಗ್ಗಿ ನೋಡಿದರು. ನೆಟ್ಟಗಾಗಿ ಕರವಸ್ತ್ರ ತೆಗೆದು ಬಾಯಿಗೆ ಹಿಡಿದರು.

"ಆಯಿತು. ಕಟ್ಟಿಕೊ."

ಅವಳು ಕಟ್ಟಿಕೊಂಡಳು. ಅಷ್ಟರಲ್ಲಿ ಸುಮಾರು ಅರ್ಧ ಗಂಟೆ ಹೋಗಿತ್ತು.

"ಹ್ವಾದ ಟೈಮು ಕೊಡ್ತೀರೇನ್ರಿ ಸರ್?"

"ನಿಯಮದಲ್ಲಿ ಇಲ್ಲಮ್ಮ."

"ಆತ್ರಿ," ಎಂದು ಪೆನ್ನು ತೆಗೆದುಕೊಂಡಳು.

ಒಂದೆರಡು ಸಾಲು ಬರೆದಿರಬೇಕು. ತಲೆ ಎತ್ತಿ ಕಿಟಕಿಯ ಹೊರಗೆ ನೋಡಿದವಳು ಎದ್ದು ನಿಂತಳು. ಅಂಗಳದಲ್ಲಿ ಖಾಜಾಸಾಬ್ ಆ ಮಗ್ಗು ಹಿಡಿದು ಹೌಜಿನ ಕಡೆ ಹೊರಟಿದ್ದ, ತೊಳೆದಿಡಲು.

"ಚಾಚಾ, ಹೌಜಿನ ಹತ್ರ ಒಯ್ಯಬ್ಯಾಡ. ಆ ನೀರು ಬಿಸಿಲಾಗ ಬಂಡಿಗಲ್ಲಿನ ಮ್ಯಾಲ ಚೆಲ್ಲು."

"ಕೂಡವಾ, ನಿನ್ನ ಟೈಮೇ ಹೊಂಟದ," ಎಂದರು ಮೇಲ್ವಿಚಾರಕರು.

ಅವಳು ಕೂರಲಿಲ್ಲ. ಕಾದ ಬಂಡೆಯ ಮೇಲೆ ನೀರು ಬಿದ್ದು ಆರುವುದನ್ನು, ಮಗ್ಗನ್ನು ಬಿಸಿಲಿನಲ್ಲಿ ಬೋರಲು ಹಾಕುವುದನ್ನು ನೋಡಿದ ಮೇಲೆಯೇ ಕೂತಳು. ಮುಖ್ಯಸ್ಥರು ಮೆಲ್ಲಗೆ, "ಏನ್ರಿ ಅದು?" ಎಂದು ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ. ಜೀಪು ಮುಂದಿನ ಕೇಂದ್ರಕ್ಕೆ ಹೊರಟಿತು. ನಾನು ಅಲ್ಲೇ ಉಳಿದೆ.

ಪರೀಕ್ಷೆ ಮುಗಿದ ಮೇಲೆ ಅವಳು ಪಡಸಾಲೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಕೊನೆಯ ಪ್ರಶ್ನೆ ಮುಟ್ಟಲು ಆಗಿರಲಿಲ್ಲ. ಮಗ್ಗಿನ ವಿಷಯ ಕೇಳಿದೆ.

"ಕಾಲು ನೀರಿಗೆ ಹತ್ತಿದ ಕೂಡ್ಲೇ ಹುಳ ಸಾವಿರಗಟ್ಟಲೆ ಮರಿ ಬಿಡ್ತದ ರೀ. ಉರಿ ತಡಿಲಾರದ ನಮ್ಮೂರ ಮಂದಿ ಬಾವಿ ಪಾವಟಿಗಿ ಇಳದು ಕಾಲು ಅದ್ದತಾರ. ಬಾಜೂಕ ನಿಂತವ್ರು ಅದ ನೀರು ತುಂಬಕೊಂಡು ಮನಿಗೆ ಒಯ್ತಾರ. ಮುಂದಿನ ವರ್ಷ ಅವರ ಕಾಲಾಗ ಹೊಂಡತದ."

"ಇಷ್ಟು ಗೊತ್ತಿದ್ದೂ ನಿನಗೆ ಹೇಗೆ ಬಂತು?"

"ಮೊದಲು ಕುಡದೆ, ಆಮ್ಯಾಲ ಓದಿದೆ ರೀ," ಎಂದು ನಕ್ಕಳು. "ಹ್ವಾದ ಬ್ಯಾಸಗಿ ಸೂಟಿಗೆ ಊರಿಗೆ ಹೋಗಿದ್ದೆ. ಪಾಠ ಬಂದದ್ದು ಈ ವರ್ಷ. ಕುಡದದ್ದು ಬರೋಬ್ಬರಿ ಪರೀಕ್ಷಾಕ್ಕ ಬಂದದ."

ನಂತರ ತಾಯಿಯ ವಿಷಯ ಹೇಳಿದಳು. ಕೆಲವು ವರ್ಷಗಳ ಹಿಂದೆ ತಾಯಿಗೆ ಮೊಣಕಾಲಿನ ಹತ್ತಿರ ನಾರುಹುಳ ಬಂದಿತ್ತು. ಮಾನ್ವಿ ಸಂತೆಯಲ್ಲಿ ಮದ್ದು ಕೊಡುತ್ತಿದ್ದವನೊಬ್ಬ ಒಂದೇ ಸಲಕ್ಕೆ ತೆಗೆಯುತ್ತೇನೆಂದು ಎಳೆದ. ಹುಳ ಹರಿಯಿತು. ಆ ಮೊಣಕಾಲು ಮತ್ತೆ ಮಡಚಲಿಲ್ಲ. ಕುರಿ ಹಿಂದೆ ಹರದಾರಿಗಟ್ಟಲೆ ನಡೆಯುತ್ತಿದ್ದ ಹೆಂಗಸು ಮನೆಯಲ್ಲಿ ಕೂತು ಕಂಬಳಿಗೆ ಉಣ್ಣೆ ನೂಲುವಂತಾದಳು.

"ನೀರು ಬಟ್ಟಿಲೆ ಸೋಸಿ ಕುಡದ್ರ ಸಾಕು ಅಂತ ಪುಸ್ತಕದಾಗ ಒಂದು ಸಾಲು ಅದ ರೀ. ಅದು ಓದಿದ ದಿನ ನನಗ ಊಟ ಸೇರಲಿಲ್ಲ. ಇಷ್ಟ ಮಾತು ಹೇಳಾಕ ನಮ್ಮೂರಿಗೆ ಒಬ್ಬರೂ ಬರಲಿಲ್ಲಲ್ಲ ಅಂತ."

"ನೀನು ಹೇಳಿದೆಯಾ?"

"ದಸರಾ ಸೂಟ್ಯಾಗ ಹೋಗಿ ಹೇಳಿದೆ. ಮೊದಲು ನಕ್ಕಾಕಿನೇ ನಮ್ಮವ್ವ. ನೀರಾಗ ಹುಳ ಎಲ್ಲಿ ಅದ ತೋರ್ಸು ಅಂದ್ಲು. ಹುಡುಗಿ ಮಾತು ಯಾರು ಕೇಳ್ತಾರ್ರಿ? ಡಾಕ್ಟರ್ ಆಗಿ ಹೋಗಿ ಹೇಳಿದ್ರ ಕೇಳ್ತಾರ."

ಪತ್ರಿಕೆಯಲ್ಲಿ ಹೆಸರು ಹಾಕಬಹುದೇ ಎಂದು ಕೇಳಿದೆ.

"ಹೆಸರು ಬ್ಯಾಡ್ರಿ. ಬಟ್ಟಿ ಸೋಸೋದು ಹಾಕ್ರಿ."

ಮರುದಿನ ಎರಡು ಸುದ್ದಿ ಬಂದವು. ರಾಯಚೂರಿನ ಕೇಂದ್ರದಲ್ಲಿ ನಕಲು ಪ್ರಕರಣ ಕಂಡುಬಂದಿಲ್ಲ ಎಂಬುದು ಒಂದು. ನೀರು ಸೋಸುವ ವಿಷಯ ಒಳಪುಟದ ಮೂಲೆಯಲ್ಲಿ.

ಉಳಿದ ಎರಡೂ ಪರೀಕ್ಷೆಗಳನ್ನು ಅವಳು ಅದೇ ಕಟ್ಟಿನೊಂದಿಗೆ ಬರೆದಳೆಂದು ಖಾಜಾಸಾಬ್ ಹೇಳಿದ. ಫಲಿತಾಂಶದಲ್ಲಿ ರಸಾಯನಶಾಸ್ತ್ರದ ಅಂಕವೇ ಎಲ್ಲಕ್ಕಿಂತ ಕಡಿಮೆ. ವೈದ್ಯಕೀಯ ಸೀಟುಗಳ ಮೊದಲ ಸುತ್ತಿನಲ್ಲಿ ಅವಳಿಗೆ ಅವಕಾಶ ಸಿಗಲಿಲ್ಲ. ಎರಡನೆಯ ಸುತ್ತಿನಲ್ಲಿ ಸರ್ಕಾರಿ ಕಾಲೇಜಿನಲ್ಲಿ ಸಿಕ್ಕಿತು.

1988ರ ಬೇಸಿಗೆಯಲ್ಲಿ ಕುಡಿಯುವ ನೀರಿನ ವರದಿಗೆಂದು ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿದೆ. ಡಾಕ್ಟರ್ ಮಾಳಮ್ಮ ಆ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು ಕೆಲವು ತಿಂಗಳಾಗಿದ್ದವು. ತಮ್ಮ ಊರಿಗೆ ನನ್ನನ್ನು ಜೀಪಿನಲ್ಲಿ ಕರೆದೊಯ್ದರು. ಬಾವಿಯ ಮೆಟ್ಟಿಲುಗಳನ್ನು ಕಲ್ಲಿನಿಂದ ಮುಚ್ಚಿ, ಮೇಲೆ ಕಟ್ಟೆ ಕಟ್ಟಿ ರಾಟೆ ಹಾಕಿದ್ದರು. ಇಳಿದು ತುಂಬುವುದು ಸುಲಭವಾಗಿತ್ತು, ಸೇದುವುದು ಕಷ್ಟ. ಆರಂಭದಲ್ಲಿ ಯಾರೋ ಎರಡು ಸಲ ಆ ಕಲ್ಲುಗಳನ್ನು ಕಿತ್ತು ಹಾಕಿದ್ದರು.

"ಡಾಕ್ಟರ್ ಆಗಿ ಹೇಳಿದರೆ ಕೇಳುತ್ತಾರೆ ಎಂದಿದ್ದಿರಿ," ಎಂದೆ.

"ಎಲ್ಲಿ ಕೇಳಿದ್ರಿ? ಅದಕ್ಕ ನಮ್ಮವ್ವನ್ನ ತಂದು ಕೂಡಿಸೀನಿ."

ಬಾವಿ ಕಟ್ಟೆಯ ಪಕ್ಕದ ಬೇವಿನ ನೆರಳಲ್ಲಿ ತಾಯಿ ಕೂತು ಉಣ್ಣೆ ನೂಲುತ್ತಿದ್ದರು. ಮಡಚದ ಕಾಲು ನೀರಿಗೆ ಬರುವವರ ದಾರಿಗೆ ಅಡ್ಡವಾಗಿ ಚಾಚಿತ್ತು. ಅದನ್ನು ದಾಟದೆ ಯಾರೂ ಬಾವಿಗೆ ಹೋಗುವಂತಿರಲಿಲ್ಲ. ಒಬ್ಬಳು ಬರಿಗೊಡ ಹಿಡಿದು ಬಂದಳು.

"ಏ ಹುಡುಗಿ, ಬಟ್ಟಿ ಎಲ್ಲದ?"

"ಮರತು ಬಂದೀನಿ ಯವ್ವಾ. ಇದೊಂದು ಕೊಡ ತುಂಬಕೋತೀನಿ."

"ಮೊದಲು ಈ ಕಾಲು ಮಡಚಿ ತೋರ್ಸು. ಆಮ್ಯಾಲ ತುಂಬುವಂತಿ."

ಹುಡುಗಿ ಗೊಣಗುತ್ತ ಬಟ್ಟೆ ತರಲು ಮನೆಗೆ ಹೋದಳು. ನಾನು ನೀರು ಕೇಳಿದೆ. ಆ ತಾಯಿ ತಂಬಿಗೆಯ ಬಾಯಿಗೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಿಡಿದು ಸೋಸಿ ಕೊಟ್ಟರು.

1989ರ ಬೇಸಿಗೆ ಕಳೆದಾಗ ಆ ಊರಿನಲ್ಲಿ ಯಾರ ಕಾಲಿನಿಂದಲೂ ನಾರುಹುಳ ಹೊರಬಂದಿರಲಿಲ್ಲ.